ನಿಂತಲ್ಲಿ ಕಾದು, ಓಡುವಾಗ ತಣಿಯುವ ಲಾರಿ

ರಾಜಾನುಕುಂಟೆಯ ಕಡೆಯಿಂದ ಮಾಲು ತುಂಬಿಕೊಂಡು ಹೊರಟ ಲಾರಿ ಯಲಹಂಕದವರೆಗೆ ಚೆನ್ನಾಗಿಯೇ ಬರುತ್ತದೆ. ಕಾವಿನ ಮುಳ್ಳು ನಡುವಿನ ಗೆರೆಯಲ್ಲಿ ಅಲುಗದೆ ನಿಂತಿರುತ್ತದೆ. ಹೆಬ್ಬಾಳದ ಬಳಿ ವಾಹನಗಳ ಸಾಲು ಎದುರಾಗುತ್ತದೆ. ಅಲ್ಲಿಂದ ಮುಂದೆ ಹತ್ತು ಮಾರು ಹೋಗುವುದು, ನಿಲ್ಲುವುದು. ಮತ್ತೆ ಹತ್ತು ಮಾರು ಹೋಗುವುದು, ನಿಲ್ಲುವುದು. ಹೊರವರ್ತುಲ ರಸ್ತೆ ಹಿಡಿದು ಬಿ.ಇ.ಎಲ್. ವೃತ್ತ ದಾಟುವಾಗ ಮುಳ್ಳು ಮೇಲೇಳತೊಡಗುತ್ತದೆ. ಗೊರಗುಂಟೆಪಾಳ್ಯ ಮುಟ್ಟುವ ಹೊತ್ತಿಗೆ ಕೆಂಪು ಗೆರೆ. ಯಶವಂತಪುರದ ಮಾರುಕಟ್ಟೆ ಪ್ರಾಂಗಣ ಇನ್ನೇನು ಬಂತು ಎನ್ನುವಾಗ ಗಾಡಿ ರಸ್ತೆಯ ಅಂಚಿಗೆ ನಿಂತು ಹಬೆ ಕಾರುತ್ತಿರುತ್ತದೆ. ಒಳಗೆ ಹರಾಜು ನಡೆಯುತ್ತಿರುತ್ತದೆ. ಹೊರಗೆ ತರಕಾರಿ ಬಾಡುತ್ತಿರುತ್ತದೆ.

ಸ್ವಂತ ಲಾರಿಯಿರುವವರಿಗೂ, ನಾಲ್ಕಾರು ಮಂದಿ ಸೇರಿ ಬಾಡಿಗೆಗೆ ಹಿಡಿಯುವವರಿಗೂ ಈ ಸಂಗತಿ ಹೊಸದಲ್ಲ. ಇದಾದ ಮೇಲೆ ನಡೆಯುವುದೂ ಹೊಸದಲ್ಲ. ಒಬ್ಬ ಮೆಕ್ಯಾನಿಕ್ಕು ರೇಡಿಯೇಟರು ಬದಲಾಯಿಸಿರಿ ಎನ್ನುತ್ತಾನೆ. ಇನ್ನೊಬ್ಬನು ಥರ್ಮೋಸ್ಟಾಟನ್ನು ಕಿತ್ತು ಬಿಸಾಡಿದರೆ ಸರಿಹೋಗುತ್ತದೆ ಎನ್ನುತ್ತಾನೆ. ಮೂರನೆಯವನು ಹೆಡ್ಡು ಬಿಚ್ಚಬೇಕೆನ್ನುತ್ತಾನೆ. ಮೂವರಿಗೂ ಹಣ ಕೊಟ್ಟ ಮೇಲೆ ಲಾರಿ ಮತ್ತೆ ಅದೇ ಗೊರಗುಂಟೆಪಾಳ್ಯದಲ್ಲಿ ಕಾಯುತ್ತದೆ. ಇದಕ್ಕೆ ಕಾರಣವೇನೆಂದರೆ, ಸಾಮಾನು ಬಿಚ್ಚುವ ಮೊದಲು ಕೇಳಬೇಕಾದ ಒಂದು ಪ್ರಶ್ನೆಯನ್ನು ಯಾರೂ ಕೇಳಿರುವುದಿಲ್ಲ. ಗಾಡಿ ಕಾಯುವುದು ಯಾವಾಗ? ನಿಂತಾಗಲೋ, ಓಡುವಾಗಲೋ, ಎರಡರಲ್ಲೂ ಒಂದೇ ಸಮನೆಯೋ?

ಈ ಪ್ರಶ್ನೆಗೆ ಉತ್ತರ ಕೊಡಬಲ್ಲವನು ಮೆಕ್ಯಾನಿಕ್ಕಲ್ಲ, ಗಾಡಿಯಲ್ಲಿ ಕುಳಿತು ಬಂದವನು. ಆದುದರಿಂದ ಈ ಪಾಠವನ್ನು ರೈತ ಬಾಂಧವರಿಗಾಗಿಯೇ ಬರೆದಿದೆ.

ಕಣದಲ್ಲಿ ರಾಗಿ ತೂರುವುದನ್ನು ನೆನೆಯಿರಿ. ಗಾಳಿ ಬೀಸುತ್ತಿದ್ದರೆ ಮೊರವನ್ನು ಎತ್ತಿ ಹಿಡಿದರೆ ಸಾಕು, ಹೊಟ್ಟು ತಾನಾಗಿ ದೂರ ಹೋಗುತ್ತದೆ. ಗಾಳಿ ಬಿದ್ದುಹೋದರೆ ಇಬ್ಬರು ಕಂಬಳಿ ಹಿಡಿದು ಬೀಸಬೇಕಾಗುತ್ತದೆ. ಕಂಬಳಿ ಹರಿದಿದ್ದರೆ ಅಥವಾ ಬೀಸುವವರ ಕೈ ಸೋತಿದ್ದರೆ ಹೊಟ್ಟು ರಾಗಿಯ ಮೇಲೆಯೇ ಬೀಳುತ್ತದೆ. ಲಾರಿಯ ರೇಡಿಯೇಟರಿನ ವಿಷಯವೂ ಹೀಗೆಯೇ. ಎಂಜಿನ್ನಿನ ಕಾವನ್ನು ಹೊತ್ತು ತಂದ ನೀರು ರೇಡಿಯೇಟರಿನ ತೆಳು ಕೊಳವೆಗಳಲ್ಲಿ ಇಳಿಯುತ್ತದೆ. ಆ ಕೊಳವೆಗಳ ನಡುವಿನ ಜಾಲರಿಯಲ್ಲಿ ಗಾಳಿ ಹಾದುಹೋಗಿ ಕಾವನ್ನು ಒಯ್ಯುತ್ತದೆ. ಲಾರಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಓಡುವಾಗ ಎದುರು ಗಾಳಿಯೇ ಜಾಲರಿಯನ್ನು ತುಂಬುತ್ತದೆ. ಆಗ ಫ್ಯಾನು ಕೆಟ್ಟಿದ್ದರೂ ಅದರ ಕೊರತೆ ಕಾಣುವುದಿಲ್ಲ. ಲಾರಿ ನಿಂತೊಡನೆ ಎದುರು ಗಾಳಿ ಇಲ್ಲ. ಜಾಲರಿಯ ಮೂಲಕ ಗಾಳಿಯನ್ನು ಎಳೆಯುವ ಪೂರ್ತಿ ಹೊಣೆ ಫ್ಯಾನಿನ ಮೇಲೆ ಬೀಳುತ್ತದೆ. ಅದೂ ಎಂಜಿನ್ನು ನಿಮಿಷಕ್ಕೆ 600-700 ಸುತ್ತು ಮಾತ್ರ ತಿರುಗುತ್ತಿರುವಾಗ.

ಹಾಗಾದರೆ ನಿಂತ ಗಾಡಿ ಕಾಯುವುದು ಸಹಜವೇ? ಅನೇಕ ಡ್ರೈವರುಗಳು ಹಾಗೆಯೇ ನಂಬಿದ್ದಾರೆ. ‘ಟ್ರಾಫಿಕ್ಕಿನಲ್ಲಿ ಎಲ್ಲ ಗಾಡಿಯೂ ಹೀಟಾಗುತ್ತದೆ’ ಎಂದು ಸುಮ್ಮನಾಗುತ್ತಾರೆ. ಇದು ತಪ್ಪು ತಿಳಿವಳಿಕೆ. ಡೀಸೆಲ್ ಎಂಜಿನ್ನು ಹೊರೆಯಿಲ್ಲದೆ ನಿಂತಲ್ಲಿ ಚಾಲೂ ಇರುವಾಗ ಬಹಳ ಕಡಮೆ ಎಣ್ಣೆಯನ್ನು ಉರಿಸುತ್ತದೆ. ತುಂಬಿದ ಲಾರಿ ಏರು ಹತ್ತುವಾಗ ಉರಿಸುವುದರ ಹತ್ತರಲ್ಲೊಂದು ಪಾಲಿನಷ್ಟು ಎಂದು ಇಟ್ಟುಕೊಳ್ಳಬಹುದು. ಉರಿಯುವುದೇ ಕಡಮೆಯಾದ ಮೇಲೆ ಹುಟ್ಟುವ ಕಾವೂ ಕಡಮೆ. ಆರೋಗ್ಯವಾಗಿರುವ ಡೀಸೆಲ್ ಲಾರಿಯನ್ನು ಒಂದು ಗಂಟೆ ನಿಲ್ಲಿಸಿ ಚಾಲೂ ಇಟ್ಟರೂ ಮುಳ್ಳು ಏರಬಾರದು. ಏರಿದರೆ ಅದು ರಸ್ತೆಯ ದೋಷವಲ್ಲ, ಗಾಡಿಯ ದೋಷ. ರಸ್ತೆ ಅದನ್ನು ಬಯಲಿಗೆ ತಂದಿತು, ಅಷ್ಟೆ.

ತುಮಕೂರು ರಸ್ತೆಯಲ್ಲಿ ಬರುವವರಿಗೆ ಇದರ ಅನುಭವ ಚೆನ್ನಾಗಿ ಆಗಿದೆ. 2021ರ ಡಿಸೆಂಬರಿನಲ್ಲಿ ಪೀಣ್ಯದ ಮೇಲ್ಸೇತುವೆಯ ಕೇಬಲ್ಲುಗಳಲ್ಲಿ ದೋಷ ಕಂಡುಬಂದು ಸೇತುವೆಯನ್ನು ಮುಚ್ಚಿದರು. 2022ರ ಫೆಬ್ರವರಿಯಲ್ಲಿ ಸಣ್ಣ ವಾಹನಗಳಿಗೆ ತೆರೆದರೂ ಭಾರಿ ವಾಹನಗಳಿಗೆ ಮತ್ತೆ ಅವಕಾಶ ದೊರೆತದ್ದು 2024ರ ಜುಲೈ ಕೊನೆಯಲ್ಲಿ. ಆ ಎರಡೂವರೆ ವರ್ಷ ಲಾರಿಗಳು ಕೆಳಗಿನ ರಸ್ತೆಯಲ್ಲಿಯೇ ತೆವಳಬೇಕಾಯಿತು. ಮೇಲೆ ಗಾಳಿಗೆ ಎದುರಾಗಿ ಓಡುತ್ತಿದ್ದಾಗ ಮುಚ್ಚಿಹೋಗಿದ್ದ ಫ್ಯಾನಿನ ದೋಷ ಕೆಳಗೆ ತೆವಳುವಾಗ ಮುಚ್ಚಿಕೊಳ್ಳಲಾರದು.

ಈಗ ಮೂರು ಬಗೆಯನ್ನೂ ಬಿಡಿಸಿ ನೋಡೋಣ. ನಿಂತಾಗ ಕಾದು, ರಸ್ತೆ ಬಿಟ್ಟುಕೊಟ್ಟು ಓಡತೊಡಗಿದ ಹತ್ತು ನಿಮಿಷದಲ್ಲಿ ಮುಳ್ಳು ಇಳಿದರೆ ದೋಷ ಗಾಳಿಯ ಕಡೆಗಿದೆ: ಫ್ಯಾನು, ಬೆಲ್ಟು, ಫ್ಯಾನಿನ ಗೂಡು, ಜಾಲರಿಯ ಹೊರಮುಖ. ಓಡುವಾಗ, ಅದರಲ್ಲೂ ಹೊರೆ ಹೊತ್ತು ಏರು ಹತ್ತುವಾಗ ಕಾದು, ನಿಂತಾಗ ತಣ್ಣಗಾದರೆ ದೋಷ ನೀರಿನ ಕಡೆಗಿದೆ: ರೇಡಿಯೇಟರಿನ ಒಳಕೊಳವೆಗಳು ಕಟ್ಟಿರಬಹುದು. ನಿಂತರೂ ಓಡಿದರೂ ಒಂದೇ ಸಮನೆ ಕಾದರೆ ನೀರು ಕಡಮೆಯಾಗಿದೆ, ಥರ್ಮೋಸ್ಟಾಟ್ ಮುಚ್ಚಿಕೊಂಡು ಕುಳಿತಿದೆ, ವಾಟರ್ ಪಂಪು ಸೋತಿದೆ, ಇಲ್ಲವೆ ಹೆಡ್ ಗ್ಯಾಸ್ಕೆಟ್ ಒಡೆದಿದೆ. ಈ ಗೆರೆಗಳು ಕಲ್ಲಿನ ಮೇಲೆ ಕೊರೆದವಲ್ಲ. ಎರಡು ದೋಷಗಳು ಜೊತೆಯಾಗಿ ಬರುವುದುಂಟು. ಆದರೂ ಎಲ್ಲಿಂದ ಹುಡುಕಲು ತೊಡಗಬೇಕೆಂಬುದು ಇದರಿಂದ ತಿಳಿಯುತ್ತದೆ.

ಮೊದಲು ಕೈ ಕಾಪಾಡಿಕೊಳ್ಳಿರಿ

ಬೆಂಗಳೂರಿನ ಸೀಮೆ ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಅಲ್ಲ, ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳವು ಒಳಗೆ ಒತ್ತಡವನ್ನು ಹಿಡಿದಿಡುವುದರಿಂದ ನೀರು ಅದಕ್ಕಿಂತ ಹೆಚ್ಚು ಕಾದರೂ ಕುದಿಯದೆ ಇರುತ್ತದೆ. ಅಂಥ ನೀರಿನ ಮುಚ್ಚಳವನ್ನು ತಟ್ಟನೆ ತಿರುಗಿಸಿದರೆ ಏನಾಗುವುದು? ಒತ್ತಡ ಇಳಿದ ಆ ಗಳಿಗೆಯಲ್ಲೇ ಇಡೀ ನೀರು ಕುದಿದು ಮುಖಕ್ಕೆ ಚಿಮ್ಮುತ್ತದೆ. ಹರಾಜಿನ ಹೊತ್ತು ಮೀರುತ್ತಿದೆಯೆಂಬ ಅವಸರದಲ್ಲಿ ಮುಖ, ಕೈ ಸುಟ್ಟುಕೊಂಡವರಿದ್ದಾರೆ. ಎಂಜಿನ್ನು ನಿಲ್ಲಿಸಿ ಕಡಮೆಯೆಂದರೆ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಕಾಯಿರಿ. ಮೇಲಿನ ಹೋಸು ಪೈಪನ್ನು ಹಿಡಿದರೆ ಕೈ ಸುಡದಂತಿರಬೇಕು, ಹಿಸುಕಿದರೆ ಮೆತ್ತಗಿರಬೇಕು. ಆಮೇಲೆ ದಪ್ಪ ಗೋಣಿ ಹಾಕಿ ಮುಚ್ಚಳವನ್ನು ಅರ್ಧ ಸುತ್ತು ತಿರುಗಿಸಿ, ಉಸಿರು ಹೋಗಲು ಬಿಟ್ಟು, ಬಳಿಕ ತೆಗೆಯಿರಿ.

ಕಾದ ಎಂಜಿನ್ನಿಗೆ ಕೊಡದಿಂದ ತಣ್ಣೀರು ಸುರಿಯುವುದೂ ತಪ್ಪು. ಕಾದ ಕಾವಲಿಗೆ ನೀರು ಹಾಕಿದಂತೆ ಹೆಡ್ಡು ಸೀಳು ಬಿಡಬಹುದು.

ಸಾಲಿನಲ್ಲಿ ಸಿಕ್ಕಿಕೊಂಡಿರುವಾಗ ಮುಳ್ಳು ಏರತೊಡಗಿದರೆ, ಹಬೆ ಇನ್ನೂ ಬಂದಿಲ್ಲದಿದ್ದರೆ, ಒಡನೆ ಎಂಜಿನ್ನು ನಿಲ್ಲಿಸಬೇಡಿರಿ. ನ್ಯೂಟ್ರಲ್ಲಿಗೆ ಹಾಕಿ ಆಕ್ಸಿಲರೇಟರನ್ನು ಸ್ವಲ್ಪ ಒತ್ತಿ, ಸುತ್ತುಗಳನ್ನು 1000-1200ಕ್ಕೆ ಏರಿಸಿ ಎರಡು ಮೂರು ನಿಮಿಷ ಹಿಡಿದಿರಿ. ಕ್ಯಾಬಿನ್ನಿನಲ್ಲಿ ಏ.ಸಿ. ಇದ್ದರೆ ಆರಿಸಿರಿ. ಇದರಿಂದ ಫ್ಯಾನೂ ಪಂಪೂ ಬಿರುಸಾಗುತ್ತವೆ. ಇದು ಉಪಾಯವೂ ಹೌದು, ಪರೀಕ್ಷೆಯೂ ಹೌದು. ಹೀಗೆ ಮಾಡಿದಾಗ ಮುಳ್ಳು ಇಳಿದರೆ ನಿಧಾನ ಸುತ್ತಿನಲ್ಲಿ ಫ್ಯಾನು ಅಥವಾ ಪಂಪು ಸಾಲದೆ ಹೋಗುತ್ತಿದೆ ಎಂದು ಗುರುತು ಮಾಡಿಕೊಳ್ಳಿರಿ. ಮುಳ್ಳು ಇಳಿಯದಿದ್ದರೆ, ಅಥವಾ ಹಬೆ ಕಂಡರೆ, ನೀರು ಸೋರಿದ್ದರೆ, ತಡಮಾಡದೆ ಪಕ್ಕಕ್ಕೆ ಹಾಕಿ ನಿಲ್ಲಿಸಿಬಿಡಿರಿ. ಒಂದು ಹರಾಜು ತಪ್ಪಿದರೆ ಆ ದಿನದ ಬೆಲೆ ಹೋಗುತ್ತದೆ. ಹಠ ಹಿಡಿದು ಓಡಿಸಿ ಹೆಡ್ಡು ಬಾಗಿದರೆ ಒಂದು ಬೆಳೆಯ ಆದಾಯವೇ ಹೋದೀತು.

ಬೆಳಗಿನ ಹೊತ್ತು ಮನೆಯಲ್ಲೇ ಮಾಡುವ ಪರೀಕ್ಷೆ

ಇವೆಲ್ಲವನ್ನೂ ರಾತ್ರಿ ಪೂರ್ತಿ ಆರಿದ ಎಂಜಿನ್ನಿನ ಮೇಲೆ, ಕೀಲಿಕೈಯನ್ನು ನಿಮ್ಮ ಜೇಬಿನಲ್ಲಿಟ್ಟುಕೊಂಡು ಮಾಡತಕ್ಕದ್ದು. ಪಂಚೆಯ ಸೆರಗು, ಹೆಗಲ ಮೇಲಿನ ಟವಲು ಇವುಗಳನ್ನು ತೆಗೆದಿಟ್ಟು ಬನ್ನಿರಿ.

ನೀರಿನ ಮಟ್ಟ ನೋಡಿರಿ. ಕಡಮೆಯಿದ್ದರೆ ಎಲ್ಲಿ ಹೋಯಿತೆಂದು ಹುಡುಕಬೇಕು. ಮೇಲೆ ತುಂಬಿಸಿ ಸುಮ್ಮನಾಗಬಾರದು. ಮುಚ್ಚಳದ ಒಳಗಿನ ರಬ್ಬರು ಗಟ್ಟಿಯಾಗಿ ಸೀಳಿದ್ದರೆ ಅದು ಒತ್ತಡವನ್ನು ಹಿಡಿಯುವುದಿಲ್ಲ, ನೀರು 97 ಡಿಗ್ರಿಗೇ ಕುದಿದು ಹೊರಗೆ ಹೋಗುತ್ತದೆ. ಇಡೀ ವ್ಯವಸ್ಥೆಯಲ್ಲಿ ಅತಿ ಅಗ್ಗದ ಸಾಮಾನು ಇದೇ. ಬದಲಾಯಿಸುವಾಗ ಹಳೆಯ ಮುಚ್ಚಳದ ಮೇಲೆ ಅಚ್ಚಾಗಿರುವ ಅಂಕಿಯನ್ನೇ ಕೇಳಿ ಕೊಳ್ಳಿರಿ.

ಬೆಲ್ಟನ್ನು ಎರಡು ರಾಟೆಗಳ ನಡುವೆ ಹೆಬ್ಬೆರಳಿನಿಂದ ಒತ್ತಿರಿ. ವಿ ಆಕಾರದ ಹಳೆಯ ಮಾದರಿಯ ಬೆಲ್ಟು ಸುಮಾರು ಅರ್ಧ ಅಂಗುಲ ಬಗ್ಗಬಹುದು. ಹೆಚ್ಚು ಬಗ್ಗಿದರೆ ಜಾರುತ್ತಿದೆ. ಬದಿಗಳು ಕನ್ನಡಿಯಂತೆ ಹೊಳೆಯುತ್ತಿದ್ದರೂ ಜಾರುತ್ತಿದೆ ಎಂದೇ ಅರ್ಥ.

ಬಳಿಕ ಜಾಲರಿ. ನಮ್ಮ ಕಡೆಯ ಲಾರಿಗಳು ಹುಲ್ಲು ಹೊರುತ್ತವೆ, ರಾಗಿಯ ಕಣದ ಪಕ್ಕದಲ್ಲಿ ನಿಲ್ಲುತ್ತವೆ, ಮಣ್ಣುದಾರಿಯಲ್ಲಿ ತೋಟದವರೆಗೆ ಬರುತ್ತವೆ. ಹೊಟ್ಟು, ದೂಳು, ಹುಳುಗಳು ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಎಂಜಿನ್ನಿನಿಂದ ತೊಟ್ಟಿಕ್ಕಿದ ಎಣ್ಣೆ ಅದನ್ನೆಲ್ಲ ಮೆತ್ತಿ ಗೋಡೆ ಕಟ್ಟುತ್ತದೆ. ಮುಂದಿನಿಂದ ನೋಡಿ ‘ಚೊಕ್ಕಟವಾಗಿದೆ’ ಎಂದು ಹೇಳಬೇಡಿರಿ. ಈಗಿನ ಲಾರಿಗಳಲ್ಲಿ ರೇಡಿಯೇಟರಿನ ಮುಂದೆ ಗಾಳಿ ತಣಿಸುವ ಇನ್ನೊಂದು ಜಾಲರಿ ಇರುತ್ತದೆ, ಏ.ಸಿ. ಇದ್ದರೆ ಅದರದೂ ಒಂದು. ಕಸ ಸೇರಿಕೊಳ್ಳುವುದು ಇವುಗಳ ನಡುವಿನ ಸಂದಿಯಲ್ಲಿ. ಹಿಂದಿನಿಂದ ಒಬ್ಬರು ಟಾರ್ಚು ಹಿಡಿಯಲಿ, ಮುಂದಿನಿಂದ ನೀವು ನೋಡಿರಿ. ಬೆಳಕು ಹಾಯದ ಕಡೆಯಲ್ಲಿ ಗಾಳಿಯೂ ಹಾಯುವುದಿಲ್ಲ. ತೊಳೆಯುವಾಗ ಗಾಳಿ ಬರುವ ದಿಕ್ಕಿಗೆ ಎದುರಾಗಿ, ಅಂದರೆ ಎಂಜಿನ್ನಿನ ಕಡೆಯಿಂದ ಮುಂದಕ್ಕೆ, ಮೆಲ್ಲಗೆ ನೀರು ಬಿಡಿರಿ. ವಾಟರ್ ಸರ್ವೀಸಿನ ಬಿರುಸು ಧಾರೆಯನ್ನು ಹತ್ತಿರದಿಂದ ಹೊಡೆದರೆ ಕಾಗದದಂಥ ತಗಡಿನ ಮಡಿಕೆಗಳು ಮಲಗಿಬಿಡುತ್ತವೆ; ಕಸ ಹೋಗಿ ತಗಡೇ ಬಾಗಿಲು ಹಾಕಿದಂತಾಗುತ್ತದೆ.

ಫ್ಯಾನಿನ ಸುತ್ತ ಒಂದು ಗೂಡು ಇರುತ್ತದೆ, ಮೆಕ್ಯಾನಿಕ್ಕುಗಳು ಶ್ರೌಡ್ ಎನ್ನುತ್ತಾರೆ. ಹಿಂದೊಮ್ಮೆ ಏನೋ ರಿಪೇರಿಗೆಂದು ಬಿಚ್ಚಿ, ಬೋಲ್ಟು ಸಿಕ್ಕಲಿಲ್ಲವೆಂದು ಮತ್ತೆ ಹಾಕದೆ ಬಿಟ್ಟಿರುವ ಲಾರಿಗಳು ಬೇಕಾದಷ್ಟಿವೆ. ಗೂಡಿಲ್ಲದಿದ್ದರೆ ಫ್ಯಾನು ಜಾಲರಿಯ ಮೂಲಕ ಗಾಳಿ ಎಳೆಯುವುದನ್ನು ಬಿಟ್ಟು ಎಂಜಿನ್ನಿನ ಬಳಿಯ ಬಿಸಿ ಗಾಳಿಯನ್ನೇ ಸುತ್ತಿಸುತ್ತದೆ. ಓಡುವಾಗ ಇದರಿಂದ ಅಷ್ಟೇನೂ ತೊಂದರೆ ಕಾಣದು, ನಿಂತಾಗ ಮಾತ್ರ ಕಾಣುತ್ತದೆ. ನಿಂತಲ್ಲಿ ಕಾಯುವ ಗಾಡಿಯಲ್ಲಿ ನಾವು ಮೊದಲು ನೋಡಬೇಕಾದುದು ಇದನ್ನೇ. ದುಬಾರಿ ಸಾಮಾನಲ್ಲ, ಕಣ್ಣಿಗೆ ನೇರವಾಗಿ ಕಾಣುವಂಥದು; ಆದುದರಿಂದಲೇ ಯಾರೂ ನೋಡುವುದಿಲ್ಲವೋ ಏನೋ.

ಇನ್ನು ಫ್ಯಾನು. 1954ರಲ್ಲಿ ಟೆಲ್ಕೋ ಕಂಪನಿಯವರು ಜರ್ಮನಿಯ ಡೈಮ್ಲರ್-ಬೆಂಜ್ ಸಂಸ್ಥೆಯೊಡನೆ ಸೇರಿ ಜಮ್‌ಷೆಡ್‌ಪುರದಲ್ಲಿ ಲಾರಿ ತಯಾರಿಸತೊಡಗಿದರು. ಆ ಕಾಲದ ಮೂತಿ ಲಾರಿಗಳಲ್ಲಿ ಬೆಲ್ಟು ತಿರುಗಿದರೆ ಫ್ಯಾನು ತಿರುಗಲೇಬೇಕು. ಈಗಿನ ಅನೇಕ ಲಾರಿಗಳಲ್ಲಿ ಹಾಗಲ್ಲ. ಫ್ಯಾನಿನ ನಡುವೆ ಮುಚ್ಚಿದ ಡಬ್ಬಿಯಂಥ ಒಂದು ಕ್ಲಚ್ಚು ಇರುತ್ತದೆ. ಅದರೊಳಗೆ ಜೇನಿನಂತೆ ದಪ್ಪನೆಯ ಸಿಲಿಕೋನ್ ಎಣ್ಣೆ. ಜಾಲರಿಯಿಂದ ಬರುವ ಗಾಳಿ ಬಿಸಿಯಾದಾಗ ಮುಂದಿನ ಸುರುಳಿ ತಗಡು ಹಿಗ್ಗಿ ಎಣ್ಣೆಗೆ ದಾರಿ ಬಿಡುತ್ತದೆ, ಎಣ್ಣೆ ಫ್ಯಾನನ್ನು ಹಿಡಿದುಕೊಂಡು ತಿರುಗಿಸುತ್ತದೆ. ತಣ್ಣಗಿರುವಾಗ ಹಿಡಿತ ಬಿಡುತ್ತದೆ, ಡೀಸೆಲ್ ಉಳಿಯುತ್ತದೆ. ಬಹಳ ವರ್ಷ ಓಡಿದ ಮೇಲೆ ಈ ಎಣ್ಣೆ ಸೋರಿಹೋಗುವುದುಂಟು. ಆಗ ಫ್ಯಾನು ತಿರುಗುತ್ತಿರುವಂತೆ ಕಾಣುತ್ತದೆ, ಆದರೆ ಗಾಳಿ ಎಳೆಯುವುದಿಲ್ಲ. ನೋಡಿದವರೆಲ್ಲ ‘ಫ್ಯಾನು ಸರಿಯಿದೆ’ ಎಂದು ಹೇಳಿ ರೇಡಿಯೇಟರಿಗೆ ಕೈಹಾಕುವುದು ಇಲ್ಲಿಯೇ.

ಪರೀಕ್ಷೆ ಸುಲಭ. ಎಂಜಿನ್ನು ನಿಂತು ಆರಿರುವಾಗ ಫ್ಯಾನಿನ ಎಲೆಯನ್ನು ಕೈಯಿಂದ ತಳ್ಳಿ ಬಿಡಿರಿ. ದಪ್ಪ ಹಿಟ್ಟಿನಲ್ಲಿ ಕೋಲು ತಿರುವಿದಂತೆ ತಡೆ ಇರಬೇಕು, ತುಸು ತಿರುಗಿ ನಿಲ್ಲಬೇಕು. ಗಿರಗಟ್ಟೆಯಂತೆ ಹಲವು ಸುತ್ತು ತಿರುಗಿದರೆ ಎಣ್ಣೆ ಹೋಗಿದೆ. ಡಬ್ಬಿಯ ನಡುವೆ ಎಣ್ಣೆಯ ಕಲೆಗೆ ದೂಳು ಮೆತ್ತಿದ್ದರೆ ಅದೂ ಸಾಕ್ಷಿ. ಎಲೆಯನ್ನು ಹಿಂದೆ ಮುಂದೆ ಅಲ್ಲಾಡಿಸಿದಾಗ ಲಟಪಟ ಎಂದರೆ ಬೇರಿಂಗು ಸವೆದಿದೆ. ಇನ್ನು ಕಾದ ಎಂಜಿನ್ನಿನಲ್ಲಿ ಕ್ಲಚ್ಚು ಹಿಡಿದಾಗ ಬಿರುಗಾಳಿಯಂಥ ಸದ್ದು ಬರುತ್ತದೆ. ಹಳೆಯ ಡ್ರೈವರುಗಳು ಆ ಸದ್ದನ್ನು ಬಲ್ಲರು. ಮುಳ್ಳು ಮೇಲೇರಿದಾಗಲೂ ಆ ಸದ್ದು ಕೇಳದಿದ್ದರೆ ಸಂಶಯ ಬಲವಾಗುತ್ತದೆ. ಕೆಲವರು ತಿರುಗುವ ಫ್ಯಾನಿಗೆ ಸುತ್ತಿದ ಕಾಗದ ಒಡ್ಡಿ ಪರೀಕ್ಷೆ ಮಾಡಿ ತೋರಿಸುತ್ತಾರೆ. ಬೆರಳು ಬೇಕಾದವರು ಹಾಗೆ ಮಾಡಬಾರದು. ಕೆಲವು ಹೊಸ ಲಾರಿಗಳಲ್ಲಿ ಈ ಕ್ಲಚ್ಚನ್ನು ವಿದ್ಯುತ್ತಿನಿಂದ ನಡೆಸುತ್ತಾರೆ. ಅವುಗಳನ್ನು ಕೈಯಿಂದ ಪರೀಕ್ಷಿಸಿ ನಿರ್ಣಯಿಸಲಾಗದು, ಕಂಪನಿಯ ಸರ್ವೀಸಿನವರೇ ನೋಡಬೇಕು. ಸಣ್ಣ ಸಾಮಾನು ಗಾಡಿಗಳಲ್ಲಿ ವಿದ್ಯುತ್ ಫ್ಯಾನು ಇದ್ದರೆ, ಗಾಡಿ ಕಾದಾಗ ಅದು ತಾನಾಗಿ ಶುರುವಾಗುತ್ತದೆಯೇ ಎಂದು ಗಮನಿಸಿರಿ. ಇಲ್ಲದಿದ್ದರೆ ಫ್ಯೂಜು, ರಿಲೇ, ಕಾವು ತಿಳಿಸುವ ಸೆನ್ಸರು ಇವುಗಳಲ್ಲಿ ಒಂದು ಕೆಟ್ಟಿದೆ. ಅಂಥ ಫ್ಯಾನು ಎಂಜಿನ್ನು ನಿಂತ ಮೇಲೂ ತಿರುಗಬಹುದಾದ್ದರಿಂದ ಬ್ಯಾಟರಿಯ ತಂತಿ ಬಿಚ್ಚದೆ ಮುಟ್ಟಬೇಡಿರಿ.

ಗಾಳಿಯ ಕಡೆ ಎಲ್ಲವೂ ಸರಿಯಿದ್ದರೆ

ಆಗ ನೀರಿನ ಕಡೆಗೆ ತಿರುಗಬೇಕು. ವಾಟರ್ ಪಂಪಿನ ಕೆಳಗೆ ಒಂದು ಸಣ್ಣ ರಂಧ್ರವಿರುತ್ತದೆ; ಅಲ್ಲಿಂದ ನೀರು ತೊಟ್ಟಿಕ್ಕುತ್ತಿದ್ದರೆ ಸೀಲು ಹೋಗಿದೆ. ಒಳಗಿನ ಚಕ್ರದ ರೆಕ್ಕೆಗಳು ತುಕ್ಕಿನಿಂದ ಸವೆದಿದ್ದರೆ ನಿಧಾನ ಸುತ್ತಿನಲ್ಲಿ ನೀರನ್ನು ತಳ್ಳಲಾರವು, ಬಿರುಸು ಸುತ್ತಿನಲ್ಲಿ ಹೇಗೋ ತಳ್ಳುತ್ತವೆ. ಆದುದರಿಂದ ಈ ದೋಷವೂ ನಿಂತಾಗಲೇ ಮೊದಲು ಕಾಣಬಹುದು.

ಥರ್ಮೋಸ್ಟಾಟಿನ ಬಗ್ಗೆ ಒಂದು ಮಾತು. ಇದು ಎಂಜಿನ್ನು ಸಾಕಷ್ಟು ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ತೂಬು. ಎಂಜಿನ್ನು ಕಾದಿದ್ದು ಮೇಲಿನ ಹೋಸು ಇನ್ನೂ ತಣ್ಣಗಿದ್ದರೆ ತೂಬು ತೆರೆದಿಲ್ಲ. ಬಿಚ್ಚಿ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ತೂಗುಬಿಟ್ಟು ಕಾಯಿಸಿದರೆ, ಅದರ ಮೇಲೆ ಬರೆದಿರುವ ಡಿಗ್ರಿಯ ಹತ್ತಿರ ತೆರೆಯತೊಡಗಬೇಕು. ತೆರೆಯದಿದ್ದರೆ ಹೊಸದು ಹಾಕಿಸಿರಿ. ಕಿತ್ತು ಬಿಸಾಡುವ ಪದ್ಧತಿಯನ್ನು ಮಾತ್ರ ನಾವು ಒಪ್ಪುವುದಿಲ್ಲ. ಅನೇಕ ಎಂಜಿನ್ನುಗಳಲ್ಲಿ ಈ ತೂಬು ತೆರೆದಾಗ ಅಡ್ಡದಾರಿಯನ್ನು ಮುಚ್ಚುತ್ತದೆ. ತೂಬೇ ಇಲ್ಲದಿದ್ದರೆ ಅಡ್ಡದಾರಿ ಸದಾ ತೆರೆದಿದ್ದು ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ಮರಳುತ್ತದೆ. ಹೆದ್ದಾರಿಯಲ್ಲಿ ಎಂಜಿನ್ನು ಬೇಕಾದಷ್ಟು ಬಿಸಿಯಾಗದೆ ಸವೆಯುತ್ತದೆ, ಡೀಸೆಲ್ಲೂ ಹೆಚ್ಚು ಕುಡಿಯುತ್ತದೆ.

ಹೆಡ್ ಗ್ಯಾಸ್ಕೆಟ್ಟಿನ ಗುರುತುಗಳು ಬೇರೆ. ಬೆಳಿಗ್ಗೆ ಆರಿದ ಎಂಜಿನ್ನನ್ನು ಮುಚ್ಚಳ ತೆಗೆದಿಟ್ಟು ಚಾಲೂ ಮಾಡಿದ ಕೂಡಲೇ ನೀರಿನಲ್ಲಿ ಒಂದೇ ಸಮನೆ ಗುಳ್ಳೆ ಏಳುವುದು, ಮುಚ್ಚಳ ಹಾಕಿದ್ದರೆ ಹೋಸು ಒಂದೆರಡು ನಿಮಿಷದಲ್ಲೇ ಕಲ್ಲಿನಂತೆ ಬಿಗಿಯುವುದು, ಎಂಜಿನ್ ಆಯಿಲ್ಲು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುವುದು. ಇವು ಕಂಡರೆ ಗಾಡಿಯನ್ನು ಓಡಿಸದೆ ಎಳೆಸಿಕೊಂಡು ಹೋಗಿರಿ. ಇವು ಯಾವುವೂ ಇಲ್ಲದೆ ಹೆಡ್ಡು ಬಿಚ್ಚಬೇಕೆಂದು ಯಾರಾದರೂ ಹೇಳಿದರೆ ‘ಯಾವ ಗುರುತು ಕಂಡಿರಿ?’ ಎಂದು ಕೇಳುವ ಹಕ್ಕು ನಿಮಗಿದೆ.

ಮುಳ್ಳೇ ಸುಳ್ಳು ಹೇಳುವುದೂ ಉಂಟು. ಮುಳ್ಳು ಕೆಂಪಿನಲ್ಲಿದ್ದರೂ ಹಬೆಯಿಲ್ಲ, ವಾಸನೆಯಿಲ್ಲ, ನೀರು ಕಡಮೆಯಾಗಿಲ್ಲ ಎಂದಾದರೆ ಸೆನ್ಸರಿನ ತಂತಿಯನ್ನು ನೋಡಿಸಿರಿ.

ಕೊಳವೆಬಾವಿಯ ನೀರು

ನಮ್ಮ ಸೀಮೆಯಲ್ಲಿ ಆಳದ ಕೊಳವೆಬಾವಿಗಳದು ಬಹುಮಟ್ಟಿಗೆ ಗಡಸು ನೀರು. ಬಚ್ಚಲ ಹಂಡೆಯ ಒಳಗೆ ಬಿಳಿಯ ಪದರ ಕಟ್ಟುವುದನ್ನು ಮನೆಯವರು ಬಲ್ಲರು. ಅದೇ ನೀರನ್ನು ವರ್ಷಗಟ್ಟಲೆ ರೇಡಿಯೇಟರಿಗೆ ತುಂಬಿದರೆ ಅದೇ ಪದರ ಬೆರಳಿಗಿಂತ ಸಣ್ಣ ಕೊಳವೆಗಳಲ್ಲಿ ಕಟ್ಟುತ್ತದೆ. ಈ ದೋಷ ನಿಂತಾಗ ಅಲ್ಲ, ಏರು ಹತ್ತುವಾಗ ಮೊದಲು ಕಾಣುತ್ತದೆ. ಕಂಪನಿಯವರು ಹೇಳಿದ ಕೂಲಂಟನ್ನೇ ಹಾಕುವುದು ಮೇಲು. ಬೆರೆಸುವ ಬಗೆಯದಾದರೆ ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರಿನಲ್ಲಿ, ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಬೆರೆಸಿರಿ. ದಾರಿಯಲ್ಲಿ ಬೇರೆ ಗತಿಯಿಲ್ಲದೆ ಯಾವ ನೀರನ್ನು ಹಾಕಿದರೂ, ಊರಿಗೆ ಬಂದ ಮೇಲೆ ಇಳಿಸಿ ಸರಿಯಾದುದನ್ನು ತುಂಬಿಸಿರಿ.

ಟ್ರ್ಯಾಕ್ಟರಿನ ಸಂಗತಿ ಸ್ವಲ್ಪ ಬೇರೆ. ಕಣದಲ್ಲಿ ಒಕ್ಕಣೆ ಯಂತ್ರಕ್ಕೆ ಕಟ್ಟಿದ ಟ್ರ್ಯಾಕ್ಟರು ನಿಂತಿರುತ್ತದೆ, ಆದರೆ ಪೂರ್ತಿ ಹೊರೆ ಎಳೆಯುತ್ತಿರುತ್ತದೆ. ಎದುರು ಗಾಳಿಯೂ ಇಲ್ಲ, ಸುತ್ತಲೂ ಹೊಟ್ಟು. ಅದು ಬೇಗ ಕಾದರೆ ಆಶ್ಚರ್ಯವಿಲ್ಲ. ಮೂತಿಯನ್ನು ಗಾಳಿ ಬರುವ ಕಡೆಗೆ ತಿರುಗಿಸಿ, ಹೊಟ್ಟು ಹಾರುವ ದಿಕ್ಕಿನಿಂದ ದೂರ ನಿಲ್ಲಿಸಿರಿ. ಎರಡು ಗಂಟೆಗೊಮ್ಮೆ ಎಂಜಿನ್ನು ನಿಲ್ಲಿಸಿ ಜಾಲರಿಯನ್ನು ಪೊರಕೆಯಿಂದ ಗುಡಿಸಿರಿ.

ಇಳಿಸಿದ ಹಳೆಯ ಕೂಲಂಟನ್ನು ಎಲ್ಲಿ ಚೆಲ್ಲುತ್ತೀರಿ ಎಂಬುದನ್ನು ನೋಡಿಕೊಳ್ಳಿರಿ. ಸಾಮಾನ್ಯವಾಗಿ ಅದರಲ್ಲಿರುವ ಎಥಿಲಿನ್ ಗ್ಲೈಕಾಲ್ ಎಂಬ ದ್ರವ ವಿಷ, ರುಚಿ ಮಾತ್ರ ಸಿಹಿ. ಕೊಟ್ಟಿಗೆಯ ಬಳಿ ಗುಂಡಿಯಲ್ಲಿ ನಿಂತ ಹಸಿರು ನೀರನ್ನು ನಾಯಿ ನೆಕ್ಕಿದರೂ ಕರು ಕುಡಿದರೂ ಮೂತ್ರಪಿಂಡ ಕೆಟ್ಟು ಸಾಯಬಹುದು. ಅಗಲವಾದ ಬೇಸಿನ್ನಿನಲ್ಲಿ ಹಿಡಿದು, ಮುಚ್ಚಳವಿರುವ ಕ್ಯಾನಿಗೆ ತುಂಬಿ, ಮಕ್ಕಳ ಕೈಗೆ ಎಟುಕದಂತೆ ಇಟ್ಟು, ಮುಂದಿನ ಸಲ ಗ್ಯಾರೇಜಿಗೆ ಹೋಗುವಾಗ ಹಳೆಯ ಆಯಿಲ್ಲು ತೆಗೆದುಕೊಳ್ಳುವವರಿಗೆ ಬೇರೆಯಾಗಿಯೇ ಕೊಡಿರಿ, ಆಯಿಲ್ಲಿನೊಡನೆ ಬೆರೆಸಬೇಡಿರಿ.